ಹತ್ತರಲ್ಲಿ ಮೂರನೇ ಫೋಟೋ

ಭಾನುವಾರ, ಬೆಳಿಗ್ಗೆ 8:12

ನಾನು: ಹತ್ತು ಫೋಟೋ ಹಾಕಿದ್ದೇನೆ, ನೋಡಿ. ಮದುವೆ ಫೋಟೋ ತೆಗೆಯೋಕೆ ಶುರು ಮಾಡಿ ಹನ್ನೊಂದು ವರ್ಷ ಆಯಿತು. ಇಷ್ಟರಲ್ಲಿ ನನಗೆ ತುಂಬಾ ಹಿಡಿಸಿದವು ಇವು. ಜೊತೆಗೆ ಒಂದು ಸಣ್ಣ ಬರಹ ಇದೆ, ಪುರುಸೊತ್ತಾದಾಗ ಓದಿ. ಒಂದೂ ಗ್ರೂಪ್ ಫೋಟೋ ಇಲ್ಲ. ಒಂದರಲ್ಲೂ ಯಾರೂ ಕ್ಯಾಮೆರಾ ನೋಡ್ತಿಲ್ಲ. ಬೇಕಂತಲೇ ಹಾಗೆ ಆರಿಸಿದ್ದು. ಎಲ್ಲರಿಗೂ ಕಾಣೋ ಹಾಗೆ ನನ್ನ ಪೇಜಿನಲ್ಲೂ ಹಾಕಿದ್ದೇನೆ.

ಪುಟ್ಟ: ಆರನೆಯದರಲ್ಲಿ ಅದೇನು ಬೆಳಕು ಅಕ್ಕ!

ಅಕ್ಕ: ನನ್ನ ಮದುವೆಯದು ಒಂದೇ ಒಂದು. ಅದರಲ್ಲೂ ನಾನಿಲ್ಲ.

ಅತ್ತೆ: ಮೂರನೆಯದು ನಾನಲ್ವಾ?

ನಾನು: ಹೌದು ಅತ್ತೆ. ನೀವು, ಮಾವ.

ಅತ್ತೆ: ನಮ್ಮ ಬೆನ್ನು ಅನ್ನು.

ನಾನು: ಅಕ್ಕನ ಮದುವೆ ಮುಗಿದು ಕುರ್ಚಿ ಮಡಚುತ್ತಿದ್ದರು. ನೀವಿಬ್ಬರೇ ಕೊನೇ ಸಾಲಲ್ಲಿ ಕೂತಿದ್ದಿರಿ. ಮಾವ ಶೂ ಬಿಚ್ಚಿ ಕುರ್ಚಿ ಕೆಳಗೆ ಜೋಡಿಸಿ ಇಟ್ಟಿದ್ದರು. ಸಾಕ್ಸ್ ಸುತ್ತಿ ಅದರೊಳಗೇ ತುರುಕಿದ್ದರು. ನಿಮ್ಮ ಕೈಚೀಲ ಅವರ ತೊಡೆ ಮೇಲಿತ್ತು. ಆ ದಿನ ಎರಡು ಸಾವಿರಕ್ಕೂ ಜಾಸ್ತಿ ಫೋಟೋ ತೆಗೆದಿದ್ದೆ. ಕಣ್ಣು ಮುಚ್ಚಿದರೆ ನೆನಪಾಗೋದು ಇದೊಂದೇ.

ಅತ್ತೆ: ನಿನಗೆ ನೆನಪಾಗುತ್ತೆ ಕಣೇ. ನನಗೆ ಅವರ ಬೆನ್ನು ಚೆನ್ನಾಗಿ ಗೊತ್ತು, ನಲವತ್ತು ವರ್ಷ ನೋಡಿದ್ದೇನೆ. ಮುಖ ಎಲ್ಲಿ?

ಚಿಕ್ಕಪ್ಪ: (ಗುಲಾಬಿ ಹೂವಿನ ಚಿತ್ರ. ಶುಭೋದಯ.)

ಪುಟ್ಟ: ಅತ್ತೆ, ಸಾಲಾಗಿ ನಿಂತು ಹಲ್ಲು ಕಿರಿಯೋ ಫೋಟೋ ಯಾರು ಬೇಕಾದರೂ ತೆಗೀತಾರೆ. ಇಂಥದ್ದಕ್ಕೆ ಸರಿಯಾದ ಗಳಿಗೆಗೆ ಕಾಯಬೇಕು. ‘ನಿರ್ಣಾಯಕ ಕ್ಷಣ’ ಅಂತಾರೆ. ಫ್ರೆಂಚ್ ಫೋಟೋಗ್ರಾಫರ್ ಕಾರ್ಟಿಯರ್-ಬ್ರೆಸಾನ್ ಪುಸ್ತಕದ ಹೆಸರೇ ಅದು.

ದೊಡ್ಡಪ್ಪ: ಅದು 1952ರ ಆ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು. ಫ್ರೆಂಚಿನಲ್ಲಿ ಬೇರೆಯೇ ಇದೆ. ಅವಸರದಲ್ಲಿ, ಕದ್ದುಮುಚ್ಚಿ ತೆಗೆದ ಚಿತ್ರಗಳು ಅನ್ನುವ ಅರ್ಥ ಬರುತ್ತದೆ.

ಅತ್ತೆ: ಅದೇ ಸರಿಯಾದ ಹೆಸರು. ನಮ್ಮದೂ ಕದ್ದು ತೆಗೆದದ್ದೇ. ಒಂದು ಮಾತು ಕೇಳಿದ್ದಳಾ ಇವಳು?

ನಾನು: ಕೇಳಿದ್ದರೆ ನೀವು ತಿರುಗಿ ನಗುತ್ತಿದ್ದಿರಿ. ಮಾವ ಶೂ ಹಾಕಿಕೊಳ್ಳುತ್ತಿದ್ದರು.

ಅತ್ತೆ: ಹಾಕಿಕೊಳ್ಳಲಿ. ಬರಿಗಾಲಲ್ಲಿ ಕೂತಿದ್ದನ್ನು ಗುರುತು ಪರಿಚಯ ಇಲ್ಲದವರೆಲ್ಲ ನೋಡಲಿ ಅಂತ ಅವರು ಒಪ್ಪುತ್ತಿದ್ದರಾ? ಬಾಗಿಲು ತೆರೆಯೋಕೆ ಹೋಗುವಾಗಲೂ ಶರ್ಟಿನ ಗುಂಡಿ ನೋಡಿಕೊಳ್ಳುತ್ತಿದ್ದ ಮನುಷ್ಯ.

ಅಕ್ಕ: ಈ ವಿಷಯದಲ್ಲಿ ನಾನು ಅತ್ತೆ ಕಡೆ. ನನ್ನ ಮಗಳು ಆಲ್ಬಮ್ ತೆಗೆದರೆ ನೋಡೋದು ಗ್ರೂಪ್ ಫೋಟೋಗಳನ್ನೇ. ಒಬ್ಬೊಬ್ಬರ ಮೇಲೂ ಬೆರಳಿಟ್ಟು ಇದ್ಯಾರು, ಇದ್ಯಾರು ಅಂತಾಳೆ. ನೀನು ಒಂದು ಇಡೀ ಪುಟಕ್ಕೆ ಹಾಕಿದ್ದೀಯಲ್ಲ, ಬಾಗಿಲಲ್ಲಿ ಬಿಸಿಲು ಬಿದ್ದದ್ದು, ಅದು ಬಂದರೆ ಸುಮ್ನೆ ಮಗುಚಿ ಮುಂದೆ ಹೋಗ್ತಾಳೆ.

ಪುಟ್ಟ: ಐದು ವರ್ಷದ ಮಗುವನ್ನು ಕೇಳಿ ಫೋಟೋ ತೆಗೆಯೋಕಾಗುತ್ತಾ?

ದೊಡ್ಡಪ್ಪ: ರೊಲಾಂ ಬಾರ್ತ್ ಅಂತ ಒಬ್ಬ ಫ್ರೆಂಚ್ ಲೇಖಕ. ತಾಯಿ ಹೋದ ಮೇಲೆ ಅವರ ಹಳೆಯ ಫೋಟೋಗಳನ್ನು ಹರಡಿಕೊಂಡು ಹುಡುಕಿದ. ಕೊನೆಗೆ ತಾಯಿ ಐದು ವರ್ಷದವಳಿದ್ದಾಗಿನ ಒಂದರಲ್ಲಿ, ಇವಳೇ ನನ್ನಮ್ಮ ಅನ್ನಿಸಿತು. 1980ರಲ್ಲಿ ಫೋಟೋಗಳ ಬಗ್ಗೆಯೇ ಅವನದೊಂದು ಪುಸ್ತಕ ಬಂತು. ಅದರಲ್ಲಿ ಬೇರೆ ಎಷ್ಟೋ ಚಿತ್ರ ಅಚ್ಚಾಗಿವೆ, ಆ ಒಂದನ್ನು ಮಾತ್ರ ಹಾಕಲಿಲ್ಲ. ಓದುವವರಿಗೆ ಅದು ಯಾವುದೋ ಒಂದು ಮಗುವಿನ ಫೋಟೋ ಅಷ್ಟೇ ಅಂತ.

ಅತ್ತೆ: ಬುದ್ಧಿವಂತ. ಇವಳಿಗೂ ಸ್ವಲ್ಪ ಹೇಳು ಅಣ್ಣ.

ಬೆಳಿಗ್ಗೆ 9:40

ನಾನು: ಬರಹದಲ್ಲಿ ಹಾಕದೇ ಬಿಟ್ಟ ಒಂದು ವಿಷಯ ಹೇಳಿಬಿಡ್ತೀನಿ. ಮದುವೆ ಮುಗಿದು ನಾಲ್ಕೈದು ವರ್ಷ ಆದ ಮೇಲೆ ಕೆಲವರು ಫೋನ್ ಮಾಡ್ತಾರೆ. ದನಿ ಕೇಳಿದರೇ ಗೊತ್ತಾಗುತ್ತೆ. ಮನೆಯಲ್ಲಿ ಯಾರೋ ಹೋಗಿರುತ್ತಾರೆ, ಗೋಡೆಗೆ ಹಾಕೋಕೆ ಒಂದು ಫೋಟೋ ಬೇಕು. ನಾನು ಹಳೇ ಹಾರ್ಡ್ ಡಿಸ್ಕ್ ತೆಗೆದು ಕೂರುತ್ತೇನೆ. ಅವರು ಬಾಗಿಲ ಸಂದಿನಲ್ಲಿ ಬೆಳಕು ಬಿದ್ದದ್ದನ್ನು ಇದುವರೆಗೂ ಕೇಳಿಲ್ಲ. ಸ್ಟೇಜ್ ಮೇಲೆ ನೆಟ್ಟಗೆ ನಿಂತದ್ದು, ಎದುರಿಂದ ಫ್ಲ್ಯಾಷ್ ಬಿದ್ದದ್ದು, ನಾನು ‘ಮುಂದಿನವರು ಬನ್ನಿ’ ಅನ್ನುತ್ತಾ ಬೇಜಾರಿನಲ್ಲಿ ಒತ್ತಿದ್ದು, ಅಂಥದ್ದೇ ಬೇಕು. ಆದರೂ ಇಷ್ಟವಾದದ್ದು ಯಾವುದು ಅಂತ ಕೇಳಿದರೆ ನನ್ನ ಕೈ ಬೇರೆ ಕಡೆಗೇ ಹೋಗುತ್ತೆ. ಏನು ಮಾಡಲಿ?

ಪುಟ್ಟ: ಅತ್ತೆ, ಮುಖ ಬೇಕು ಅಂದರಲ್ಲ, ತಗೊಳ್ಳಿ. ಈ ಗುಂಪಲ್ಲೇ ಹಳೇ ಗ್ರೂಪ್ ಫೋಟೋ ಸಿಕ್ಕಿತು. ಮಾವನನ್ನು ಕ್ರಾಪ್ ಮಾಡಿ ಒಂದು ಆ್ಯಪ್‌ಗೆ ಹಾಕಿ ಶಾರ್ಪ್ ಮಾಡಿದೆ.

ಅತ್ತೆ: ಇದ್ಯಾರು?

ಪುಟ್ಟ: ಮಾವ!

ಅತ್ತೆ: ಅವರ ಮುಂದಿನ ಹಲ್ಲು ಪಕ್ಕದ್ದರ ಮೇಲೆ ಸ್ವಲ್ಪ ಹತ್ತಿತ್ತು. ಇವರಿಗೆ ಟೂತ್‌ಪೇಸ್ಟ್ ಜಾಹೀರಾತಿನವರ ಹಲ್ಲು. ಅಳಿಸು ಅದನ್ನು.

ನಾನು: ಅಳಿಸೋ. ಇಲ್ಲಿಗೆ ಕಳಿಸಿದ ಫೋಟೋ ಮೊದಲೇ ಕುಗ್ಗಿರುತ್ತೆ. ಅದರಲ್ಲಿ ಮುಖ ಅಂದರೆ ಬೆರಳ ತುದಿಯಷ್ಟು. ಇಲ್ಲದ ಹಲ್ಲು, ರೆಪ್ಪೆ ಎಲ್ಲ ಆ್ಯಪ್ ಊಹೆ ಮಾಡಿ ತುಂಬುತ್ತೆ. ಯಾರ್ಯಾರದೋ ಮುಖ ನೋಡಿ ಕಲಿತ ಊಹೆ ಅದು. ಅತ್ತೆ, ಒರಿಜಿನಲ್ ನನ್ನ ಹತ್ತಿರ ಇರಬೇಕು. ಹುಡುಕ್ತೀನಿ. ಮೂರನೆಯದನ್ನು ಪೇಜಿನಿಂದ ತೆಗೆದಿದ್ದೇನೆ.

ದೊಡ್ಡಪ್ಪ: ಬರಹದಲ್ಲಿ ಇನ್ನೂ ಹತ್ತು ಅಂತಲೇ ಇದೆ. ಒಂಬತ್ತು ಅಂತ ತಿದ್ದು.

ಮಧ್ಯಾಹ್ನ 3:25

ನಾನು: ಸಿಕ್ಕಿತು. ಎರಡು ಡಿಸ್ಕ್‌ನಲ್ಲಿ ಇಟ್ಟಿದ್ದೆ, ಒಂದು ಏನು ಮಾಡಿದರೂ ಓಪನ್ ಆಗಲಿಲ್ಲ. ಇನ್ನೊಂದು ಪುಣ್ಯಕ್ಕೆ ಸರಿಯಿದೆ. ಆದರೆ ಅತ್ತೆ, ಆಲ್ಬಮ್‌ಗೆ ಹಾಕಿದ್ದರಲ್ಲಿ ಅಕ್ಕ ಚೆನ್ನಾಗಿದ್ದಾಳೆ, ಮಾವ ಅರ್ಧ ಕಣ್ಣು ಮುಚ್ಚಿದ್ದಾರೆ. ಹಾಗಾಗಿ ಉಳಿದವನ್ನೂ ನೋಡಿದೆ. ಒಟ್ಟು ಏಳು ಇವೆ.

ಅಕ್ಕ: ಒಂದೇ ಫೋಟೋ ಏಳು ಸಲ ಯಾಕೆ?

ನಾನು: ಅಷ್ಟು ಜನ ನಿಂತರೆ ಯಾರಾದರೂ ಒಬ್ಬರು ರೆಪ್ಪೆ ಮಿಟುಕಿಸೇ ಮಿಟುಕಿಸುತ್ತಾರೆ. ಇದಕ್ಕೊಂದು ಲೆಕ್ಕವೂ ಇದೆ. ಆಸ್ಟ್ರೇಲಿಯಾದವರು ಮಾಡಿದ್ದು, 2006ರಲ್ಲಿ ಇಗ್ ನೊಬೆಲ್ ಬಂತು, ನಗು ತರಿಸೋ ಸಂಶೋಧನೆಗಳಿಗೆ ಕೊಡೋ ತಮಾಷೆ ಬಹುಮಾನ. ಇಪ್ಪತ್ತಕ್ಕಿಂತ ಕಡಿಮೆ ಜನ ಇದ್ದರೆ, ಬೆಳಕು ಚೆನ್ನಾಗಿದ್ದಾಗ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಬೇಕು. ಬೆಳಕು ಕಡಿಮೆ ಇದ್ದರೆ ಎರಡರಿಂದ. ಅಷ್ಟು ಫೋಟೋ ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣು ತೆರೆದಿರುತ್ತೆ ಅಂತ ನಂಬಬಹುದು.

ದೊಡ್ಡಪ್ಪ: ಹದಿನಾಲ್ಕು ಜನ. ಸಂಜೆ ಬೆಳಕು. ಏಳು. ಸರಿಯಾಗಿ ಭಾಗವಾಯಿತು.

ನಾನು: ಬೇರೆ ಮದುವೆಯಾಗಿದ್ದರೆ ಒಂದನ್ನು ಉಳಿಸಿ ಆರನ್ನು ಅವತ್ತೇ ಡಿಲೀಟ್ ಮಾಡಿರುತ್ತಿದ್ದೆ. ನಮ್ಮನೆಯದು, ಆಮೇಲೆ ಮಾಡಿದರಾಯಿತು ಅಂತ ಸೋಮಾರಿತನ. ಚೆನ್ನಾಗಿರೋದನ್ನು ಮಾತ್ರ ಕಳಿಸಲಾ ಅತ್ತೆ?

ಅತ್ತೆ: ಏಳೂ ಕಳಿಸು. ಕಣ್ಣು ಮುಚ್ಚಿದ್ದೂ ಇರಲಿ.

ನಾನು: ಡಾಕ್ಯುಮೆಂಟ್ ಅಂತ ಕಳಿಸ್ತಿದ್ದೇನೆ, ಹಾಗಾದರೆ ಕುಗ್ಗಲ್ಲ. ಡೌನ್‌ಲೋಡ್ ಆಗೋವರೆಗೂ ತಡೀರಿ.

ದೊಡ್ಡಪ್ಪ: ನನ್ನ ಫೋನಿನಲ್ಲಿ ಬಾಣದ ಗುರುತು ಮಾತ್ರ ಕಾಣುತ್ತಿದೆ.

ಪುಟ್ಟ: ಅದನ್ನೇ ಒತ್ತಬೇಕು ದೊಡ್ಡಪ್ಪ.

ಸಂಜೆ 4:50

ಅತ್ತೆ: ಹಲ್ಲು ಸರಿಯಾಗಿದೆ. ನಾಲ್ಕನೆಯದರಲ್ಲಿ ಅವರು ನನ್ನ ಕಡೆ ತಿರುಗಿ ಏನೋ ಹೇಳಿದ್ದಾರೆ. ಐದನೆಯದರಲ್ಲಿ ನಾನು ನಕ್ಕಿದ್ದೇನೆ. ಆರರಲ್ಲಿ ಇಬ್ಬರೂ ಮತ್ತೆ ಮುಂದೆ ನೋಡ್ತಿದ್ದೇವೆ, ಏನೂ ಆಗದವರ ಹಾಗೆ. ಏನು ಹೇಳಿದರು ಅಂತ ನೆನಪಾಗ್ತಿಲ್ಲ. ಒಂದು ಗಂಟೆಯಿಂದ ಕೂತಿದ್ದೇನೆ.

ಅಕ್ಕ: ಪುಟ್ಟ, ನೀನು ಅವರ ಹಿಂದೆಯೇ ನಿಂತಿದ್ದೀಯ. ಏನಾದರೂ ಕೇಳಿಸಿತ್ತಾ?

ಪುಟ್ಟ: ನನಗೆ ಆಗ ಹನ್ನೆರಡು ವರ್ಷ. ಇಯರ್‌ಫೋನ್ ಹಾಕಿಕೊಂಡಿದ್ದೆ. ಝೂಮ್ ಮಾಡಿ ನೋಡಿ, ಕಾಲರ್ ಹತ್ತಿರ ವೈರ್ ಕಾಣುತ್ತೆ.

ಚಿಕ್ಕಪ್ಪ: ಹೊಸ ಶೂ ಕಚ್ಚುತ್ತಿದೆ ಅಂದರು ಭಾವ. ನಾನು ಪಕ್ಕದಲ್ಲೇ ಇದ್ದೆನಲ್ಲ. ಎಲ್ಲರೂ ಹೋಗೋವರೆಗೆ ತಡ್ಕೊಳ್ಳಿ ಅಂತ ನೀನು ನಕ್ಕೆ.

ಅತ್ತೆ: ಹೌದು ಕಣೋ. ಎರಡು ದಿನ ಕುಂಟುತ್ತಿದ್ದರು.