42ಕ್ಕೆ ವ್ಯಾಯಾಮ ಶುರು ಮಾಡುತ್ತಿದ್ದೇನೆ, ಪೆಟ್ಟು ಮಾಡಿಕೊಳ್ಳದೆ ಹೇಗೆ? ನಿಮ್ಮ ಅನುಭವ ಹೇಳಿ

ಹೊಸ ಹೆಜ್ಜೆ
ಎಲ್ಲರಿಗೂ ನಮಸ್ಕಾರ. ನನಗೆ 42. ಹದಿನೈದು ವರ್ಷದಿಂದ ಕೂತು ಮಾಡುವ ಕೆಲಸ. ವ್ಯಾಯಾಮ ಅಂತ ಯಾವತ್ತೂ ಮಾಡಿಲ್ಲ. ಎರಡು ವರ್ಷದಿಂದ ಬಿಪಿಗೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತೇನೆ. ಮೂರು ತಿಂಗಳು ಬಿಟ್ಟು ಗೆಳತಿಯರ ಜೊತೆ ಒಂದು ಬೆಟ್ಟ ಹತ್ತಬೇಕು. ಹೋಗಿ ಬರಲು 14 ಕಿಲೋಮೀಟರ್, ಏರು 900 ಮೀಟರ್. ಓಟದಿಂದ ಶುರು ಮಾಡಲಾ, ಜಿಮ್ ಸೇರಲಾ, ಬರೀ ನಡೆದರೆ ಸಾಕಾ? ನೀವು ಎಲ್ಲಿ ಎಡವಿದಿರಿ ಅಂತ ಹೇಳಿದರೆ ನನಗೆ ದಾರಿ ಆಗುತ್ತದೆ.

ಮುಂಜಾನೆ ಓಟ
ಸರ್, ಮೊದಲು ನನ್ನ ಕತೆ ಕೇಳಿ. 38ಕ್ಕೆ ಓಡಲು ಶುರು ಮಾಡಿದೆ. ಮೊದಲ ಎರಡು ವಾರ 2 ಕಿಲೋಮೀಟರ್, ಮೂರನೇ ವಾರ 5, ನಾಲ್ಕನೇ ವಾರ ದಿನಾ 6. ಉಸಿರು ಕಟ್ಟುತ್ತಿರಲಿಲ್ಲ. ಅಲ್ಲೇ ನಾನು ಮೋಸ ಹೋಗಿದ್ದು. ಎದೆ ಮತ್ತು ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆ ಪಳಗಲು ತಿಂಗಳುಗಳೇ ಬೇಕು.

ಐದನೇ ವಾರ ಮಂಡಿ ಕೆಳಗಿನ ಮೂಳೆಯ ಒಳಬದಿಯಲ್ಲಿ ಉದ್ದಕ್ಕೂ ನೋವು. ಶಿನ್ ಸ್ಪ್ಲಿಂಟ್ ಅಂದರು. ನಾನು ನಿಲ್ಲಿಸಲಿಲ್ಲ. ಏಳನೇ ವಾರ ನೋವು ಒಂದೇ ಕಡೆಗೆ ಬಂತು, ಬೆರಳಿಟ್ಟು ತೋರಿಸಬಹುದಾದಷ್ಟು. ಎಕ್ಸ್‌ರೇ ತೆಗೆಸಿದೆ, ಏನೂ ಇಲ್ಲ ಅಂದರು. ಖುಷಿಯಲ್ಲಿ ಇನ್ನೂ 11 ದಿನ ಓಡಿದೆ. ಆಮೇಲೆ ಎಂಆರ್‌ಐನಲ್ಲಿ ಬಿರುಕು ಕಾಣಿಸಿತು, ಸ್ಟ್ರೆಸ್ ಫ್ರ್ಯಾಕ್ಚರ್. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಗೆ ಸಿಗದೇ ಇರುವುದೇ ಜಾಸ್ತಿಯಂತೆ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಬಾರದಿತ್ತಾ?

8 ವಾರ ಓಟ ಇಲ್ಲ, ಅದರಲ್ಲಿ 3 ವಾರ ಊರುಗೋಲು. ಮತ್ತೆ ಸೊನ್ನೆಯಿಂದ ಶುರು. 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ, ವಾರಕ್ಕೆ ಮೂರೇ ದಿನ. 1996ರಲ್ಲಿ ಜಾಶ್ ಕ್ಲಾರ್ಕ್ ಹೊಸಬರಿಗೆ ಅಂತಲೇ ಮಾಡಿದ, 5 ಕಿಲೋಮೀಟರ್ ಓಟಕ್ಕೆ ತಯಾರು ಮಾಡುವ 'ಕೌಚ್ ಟು 5ಕೆ' ಅಭ್ಯಾಸ ಕ್ರಮ ಶುರುವಾಗುವುದೇ ಹೀಗೆ. ಅವರದು 9 ವಾರ. ನಾನು 16 ವಾರ ತೆಗೆದುಕೊಂಡೆ. ಆರು ವರ್ಷ ಆಯಿತು, ಮತ್ತೆ ಮೂಳೆಗೆ ಏನೂ ಆಗಿಲ್ಲ.

ಕಬ್ಬಿಣ ಕೈ
ಇದಕ್ಕೇ ನಾನು ಓಟದಿಂದ ಶುರು ಮಾಡಬೇಡಿ ಅನ್ನುವುದು. ಕಾಲಲ್ಲಿ ಬಲವೇ ಇಲ್ಲದೆ ಓಡಿದರೆ ಇನ್ನೇನಾಗುತ್ತೆ? ಮೊದಲು ಭಾರ ಎತ್ತಿ.

ನನಗೂ ಪೆಟ್ಟಾಗಿದೆ, ಮುಚ್ಚಿಡುವುದಿಲ್ಲ. ಸೇರಿದ ಮೂರನೇ ವಾರಕ್ಕೇ ಟ್ರೇನರ್ ಡೆಡ್‌ಲಿಫ್ಟಿಗೆ, ಅಂದರೆ ಬಗ್ಗಿ ನೆಲದಿಂದ ರಾಡ್ ಎತ್ತುವುದಕ್ಕೆ, 70 ಕೆಜಿ ಹಾಕಿಸಿದರು. ನಾಲ್ಕನೇ ಸಲ ಎತ್ತುವಾಗ ಬೆನ್ನು ಬಾಗಿತು, ಸೊಂಟ ಹಿಡಿಯಿತು. ಐದು ವಾರ ಶೂ ಲೇಸ್ ಕಟ್ಟಲು ಮಗಳನ್ನು ಕರೆಯುತ್ತಿದ್ದೆ. ಸೀನಿದರೆ ಕಣ್ಣಲ್ಲಿ ನೀರು. ಆ ಜಿಮ್ ಬಿಟ್ಟೆ, ಭಾರ ಎತ್ತುವುದನ್ನು ಬಿಡಲಿಲ್ಲ. ಎರಡು ತಿಂಗಳು ಬರೀ 20 ಕೆಜಿಯ ಖಾಲಿ ರಾಡ್. ಕುರ್ಚಿಯಿಂದ ಏಳುವುದು, ಕೂರುವುದು, ಅದೇ ನನ್ನ ಸ್ಕ್ವಾಟ್. ಇವತ್ತು ನನ್ನ ತೂಕದಷ್ಟನ್ನೇ ಹೆಗಲ ಮೇಲಿಟ್ಟು ಕೂತು ಏಳುತ್ತೇನೆ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನಡಿಗೆ ಎಲ್ಲ ವಯಸ್ಸಾದವರಿಗೆ.

ಎರಡು ಕಾಲು
ಅದೇ ಸಂಸ್ಥೆ 2020ರ ಸೂಚನೆಯಲ್ಲಿ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕು ಅಂತಲೂ ಹೇಳಿದೆ. ಅದನ್ನು ಯಾಕೆ ಬಿಟ್ಟಿರಿ? ನನಗೆ 47. ನಾನು ನಡೆದೇ 11 ಕೆಜಿ ಇಳಿಸಿದವಳು.

ಆದರೆ ನಡಿಗೆಯಲ್ಲೂ ಆತುರ ಬೇಡ. ನಾನು ದಿನಕ್ಕೆ 3,000 ಹೆಜ್ಜೆಯಲ್ಲಿದ್ದೆ. ಫೋನು 10,000 ಕೇಳಿತು ಅಂತ ಒಂದೇ ವಾರದಲ್ಲಿ ಅಲ್ಲಿಗೆ ಹಾರಿದೆ. ಮೂರನೇ ವಾರ ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಪ್ಲಾಂಟರ್ ಫಸೈಟಿಸ್, ಅಂಗಾಲಿನ ಪಟ್ಟಿಗೆ ಬರುವ ನೋವು. ಏಳು ತಿಂಗಳು ಅನುಭವಿಸಿದೆ. ಹಾಸಿಗೆಯಲ್ಲೇ ಅಂಗಾಲು ಎಳೆದುಕೊಂಡು, ಮೀನಖಂಡ ಚಾಚಿ, ಆಮೇಲೆ ಕಾಲು ಕೆಳಗಿಡುವುದು, ದಿನಾ. ಆ ಹತ್ತು ಸಾವಿರ ಬಂದಿದ್ದು ಎಲ್ಲಿಂದ ಗೊತ್ತಾ? 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ. ಯಾವ ವೈದ್ಯರೂ ಅಳೆದು ಕೊಟ್ಟ ಸಂಖ್ಯೆ ಅಲ್ಲ.

ಕಬ್ಬಿಣ ಕೈ
ಏಳು ತಿಂಗಳು ನೋವು ತಿಂದು ನಡಿಗೆಯೇ ಸುರಕ್ಷಿತ ಅಂತೀರಲ್ಲ ಮೇಡಂ.

ಎರಡು ಕಾಲು
ಐದು ವಾರ ಲೇಸ್ ಕಟ್ಟಲಾಗದವರು ನನಗೆ ಹೇಳಬೇಕಾ? ನಾನು ತಪ್ಪಿದ್ದು ಹೆಜ್ಜೆಯ ಲೆಕ್ಕದಲ್ಲಿ, ನಡಿಗೆಯಲ್ಲಿ ಅಲ್ಲ. 'ವಯಸ್ಸಾದವರಿಗೆ' ಅಂದ ಮಾತು ವಾಪಸ್ ತೆಗೆದುಕೊಳ್ಳಿ.

ಇಳಿಜಾರು
ನೀವೆಲ್ಲ ಬೆಟ್ಟವನ್ನೇ ಮರೆತಿರಿ. ಹತ್ತುವುದು ಉಸಿರಿನ ಕೆಲಸ. ಕಾಲು ಕೆಡುವುದು ಇಳಿಯುವಾಗ. ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗಬೇಕು, ಅದಕ್ಕೇ ಅಷ್ಟು ನೋವು.

ನನ್ನ ಮೊದಲ ಬೆಟ್ಟ 800 ಮೀಟರ್ ಏರು. ಶೂ ಅಳತೆಗೆ ಸರಿಯಾಗಿತ್ತು, ಅದೇ ತಪ್ಪು. ಇಳಿಯುವಾಗ ಬೆರಳು ಮುಂದಕ್ಕೆ ಒತ್ತಿ ಒತ್ತಿ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಯಿತು. ಒಂದು ಮೂರನೇ ವಾರ ಬಿತ್ತು, ಇನ್ನೊಂದು ಐದನೇ ವಾರ. ಪೂರ್ತಿ ಬೆಳೆಯಲು ಒಂದು ವರ್ಷದ ಮೇಲಾಯಿತು. ಎರಡನೇ ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ.

ಅದಕ್ಕಿಂತ ದೊಡ್ಡ ತಪ್ಪು ಹೊತ್ತಿನ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಒಂದು ಲೆಕ್ಕ ಕೊಟ್ಟಿದ್ದಾರೆ. 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದೂ ಪಳಗಿದವರಿಗೆ, ವಿಶ್ರಾಂತಿ ಸೇರಿಸದೆ. ನಾನು ನಾಲ್ಕು ಗಂಟೆ ಅಂದುಕೊಂಡು ಹೊರಟೆ. ಏಳೂವರೆ ಹಿಡಿಯಿತು. ಟಾರ್ಚ್ ಇರಲಿಲ್ಲ. ಕೊನೆಯ 2 ಕಿಲೋಮೀಟರ್ ಕತ್ತಲಲ್ಲಿ ಕೂತು ಜಾರಿಕೊಂಡು ಬಂದೆ. ಬೆವರಿದ ಹತ್ತಿ ಬಟ್ಟೆ ಮೈಗೆ ಅಂಟಿ, ಗಾಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಯಾವ ದಾರಿಯಲ್ಲಿ ಹೋಗುತ್ತೇನೆ ಅಂತ ಮನೆಯಲ್ಲೂ ಹೇಳಿರಲಿಲ್ಲ. ಅದನ್ನು ನೆನೆದರೆ ಈಗಲೂ ಹೆದರಿಕೆ ಆಗುತ್ತದೆ.

ಮುಂಜಾನೆ ಓಟ
ಸರ್, ಎದೆಬಡಿತ ತೋರಿಸುವ ಒಂದು ವಾಚ್ ಕಟ್ಟಿಕೊಳ್ಳಿ. 220ರಲ್ಲಿ ವಯಸ್ಸು ಕಳೆದರೆ ನಿಮಿಷಕ್ಕೆ ಗರಿಷ್ಠ ಎದೆಬಡಿತ ಎಷ್ಟು ಅಂತ ಸಿಗುತ್ತದೆ, ನಿಮಗೆ 178. ಅದರ ಶೇಕಡಾ 70 ದಾಟದ ಹಾಗೆ ನೋಡಿಕೊಂಡರೆ ಸಾಕು.

ಕಬ್ಬಿಣ ಕೈ
ಆ ಸೂತ್ರ ಬರೀ ಸರಾಸರಿ ಅಂದಾಜು. ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ನನಗೆ 45, ಸೂತ್ರದಂತೆ 175 ಬರಬೇಕು. ಪರೀಕ್ಷೆಯಲ್ಲಿ 188 ಬಂತು. ಅದನ್ನು ನಂಬಿ ನಾನು ಒಂದು ವರ್ಷ ಬೇಡದಷ್ಟು ನಿಧಾನ ಮಾಡಿದೆ.

ಮುಂಜಾನೆ ಓಟ
ಒಂದು ವರ್ಷ ನಿಧಾನ ಮಾಡಿದರೆ ಯಾರ ಮೂಳೆಯೂ ಮುರಿಯುವುದಿಲ್ಲ. ಊರುಗೋಲು ಹಿಡಿದವನಿಗೆ ಅದು ಗೊತ್ತು.

ಹೊಸ ಹೆಜ್ಜೆ
ನಾನು ಸರ್ ಅಲ್ಲ, ಮೇಡಂ. ಎಲ್ಲರ ಅನುಭವಕ್ಕೂ ಧನ್ಯವಾದ. ಆದರೆ ಬಿಪಿ ಮಾತ್ರೆ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಮಾತಾಡುತ್ತಾ ನಡೆ
ಮೇಡಂ, ಈ ವಾಚ್ ಜಗಳ ನೋಡಿ ಸುಮ್ಮನಿರಲಾಗಲಿಲ್ಲ. ನನಗೂ ಬಿಪಿ. ನನ್ನ ಮಾತ್ರೆ ಬೀಟಾ ಬ್ಲಾಕರ್ ಜಾತಿಯದು. ಅದು ಎದೆಬಡಿತವನ್ನೇ ತಗ್ಗಿಸಿ ಹಿಡಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ವಾಚ್ 104 ತೋರಿಸಿತು. ಇನ್ನೂ ಬೇಕಾದಷ್ಟಿದೆ ಅಂತ ಜೋರು ಮಾಡಿದೆ. ಒಂಬತ್ತನೇ ಮಹಡಿಯಲ್ಲಿ ಥಟ್ಟನೆ ನಿಂತೆ, ಕಣ್ಣು ಕತ್ತಲೆ ಬಂತು. ಕಂಬಿ ಹಿಡಿದುಕೊಂಡು ಕೂತೆ. ಇಪ್ಪತ್ತು ನಿಮಿಷ ಏಳಲಾಗಲಿಲ್ಲ.

ಇಂಥ ಮಾತ್ರೆ ತೆಗೆದುಕೊಳ್ಳುವವರಿಗೆ 220ರ ಲೆಕ್ಕ ಹೊಂದುವುದಿಲ್ಲ. ನಾನು ಈಗ ಮಾತಿನಿಂದ ಅಳೆಯುತ್ತೇನೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಾತು ತುಂಡಾಯಿತೋ, ನಿಧಾನ ಮಾಡುತ್ತೇನೆ. ಮುಗಿಸುವಾಗ ಐದು ಹತ್ತು ನಿಮಿಷ ಮೆಲ್ಲಗೆ ನಡೆದೇ ನಿಲ್ಲುತ್ತೇನೆ. ಇನ್ನು ಕೆಲವು ಬಿಪಿ ಮಾತ್ರೆಗಳು ಮೂತ್ರ ಜಾಸ್ತಿ ಮಾಡಿಸುತ್ತವೆ, ಬಿಸಿಲಲ್ಲಿ ಅದೂ ತೊಂದರೆ. ನಿಮ್ಮದು ಯಾವುದು ಅಂತ ವೈದ್ಯರನ್ನು ಕೇಳಿ. ನೀವಾಗಿ ನಿಲ್ಲಿಸಬೇಡಿ. ಎದೆ ಬಿಗಿದರೆ ಅಥವಾ ನೋವು ತೋಳಿಗೋ ದವಡೆಗೋ ಹರಡಿದರೆ ಅಲ್ಲೇ ನಿಂತು ಆಂಬುಲೆನ್ಸ್ ಕರೆಯಿರಿ.

ಎರಡು ಕಾಲು
ಕಾಲು ಉಳುಕಿದರೆ ಐಸ್ ಇಡಿ, ಅದೂ ಬೇಕಾಗುತ್ತೆ.

ಕಬ್ಬಿಣ ಕೈ
ಐಸ್ ಕಾಲ ಹೋಯಿತು. ವಿಶ್ರಾಂತಿ, ಐಸ್, ಬಿಗಿ ಕಟ್ಟು, ಎತ್ತರಕ್ಕಿಡುವುದು ಅಂತ 1978ರಲ್ಲಿ ಬರೆದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ, ಐಸ್ ವಾಸಿಯಾಗುವುದನ್ನು ತಡಮಾಡಬಹುದು ಅಂತ ಆಮೇಲೆ ಹೇಳಿದ್ದಾರೆ.

ಎರಡು ಕಾಲು
ನೋವು ಕಡಿಮೆ ಮಾಡುತ್ತದಲ್ವಾ? ಮೊದಲ ದಿನ ಅಷ್ಟೇ ಸಾಕು ನನಗೆ. ನಿಮ್ಮ ಹತ್ತಿರ ಇನ್ನು ಮಾತಿಲ್ಲ, ಆ ಮಾತನ್ನು ನೀವು ಇನ್ನೂ ವಾಪಸ್ ತೆಗೆದುಕೊಂಡಿಲ್ಲ.

ಹೊಸ ಹೆಜ್ಜೆ
ವೈದ್ಯರನ್ನು ಕೇಳಿದೆ. ನನ್ನದೂ ಬೀಟಾ ಬ್ಲಾಕರ್. ಇಸಿಜಿ ಮಾಡಿ, ನಡೆಯಬಹುದು ಅಂದರು. ವಾರಕ್ಕೆ ನಾಲ್ಕು ದಿನ 20 ನಿಮಿಷ ನಡಿಗೆ, ಎರಡು ದಿನ ಕುರ್ಚಿಯಿಂದ ಏಳುವುದು ಕೂರುವುದು. ಮೂರನೇ ವಾರ ನಡೆಯುತ್ತಿದೆ. ಗೆಳತಿಯರನ್ನು ಎಷ್ಟು ಗಂಟೆಗೆ ವಾಪಸ್ ಹೊರಡುವುದು ಅಂತ ಕೇಳಿದೆ. ತುದಿ ಮುಟ್ಟಿದ ಮೇಲೆ ಅಂದರು.

ಇಳಿಜಾರು
ಬೇಡ ಮೇಡಂ. ನೈಸ್ಮಿತ್ ಲೆಕ್ಕದಲ್ಲೇ ನಿಮ್ಮ ಬೆಟ್ಟಕ್ಕೆ 4 ಗಂಟೆ 18 ನಿಮಿಷ ಆಗುತ್ತದೆ. ನೀವು ಏಳು ಇಟ್ಟುಕೊಳ್ಳಿ. ಸೂರ್ಯ ಮುಳುಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ, ತಿರುಗುವ ಹೊತ್ತನ್ನು ಹೊರಡುವ ಮೊದಲೇ ಎಲ್ಲರೂ ಸೇರಿ ಗೊತ್ತು ಮಾಡಿ. ಆ ಹೊತ್ತಿಗೆ ತುದಿ ಕಣ್ಣೆದುರು 200 ಮೀಟರ್ ಇದ್ದರೂ ತಿರುಗಿ. ಅರ್ಧ ಅಳತೆ ದೊಡ್ಡ ಶೂ ಈಗಲೇ ತೆಗೆದುಕೊಂಡು ಅದರಲ್ಲೇ ನಡೆಯಿರಿ. ಟಾರ್ಚ್ ಪ್ರತಿಯೊಬ್ಬರಿಗೂ ಒಂದೊಂದು.