ಅಕ್ಕ, ಅವನು ಸೇರಿದ್ದು ಕಲ್ಟ್ ಅಲ್ಲ

ಅಕ್ಕ, ನಿನ್ನೆ ರಾತ್ರಿ ನೀನು ನಮ್ಮ ಮನೆ ಗ್ರೂಪಿಗೆ ಹಾಕಿದ ವಾಯ್ಸ್ ಮೆಸೇಜನ್ನ ಬೆಳಗ್ಗೆ ಕೇಳಿದೆ. ಮನೆಯೊಳಗೆ ಸಿಗ್ನಲ್ ನಿಲ್ಲಲ್ಲ, ಕಣದ ಮೂಲೆಗೆ ಬಂದು ಮಾತಾಡ್ತಿದ್ದೀನಿ. ಹಿಂದೆ ಕಾಫಿ ಕೆದಕೋ ಸದ್ದು ಬರತ್ತೆ. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಕೇಳು.

ನಿನ್ನ ಮಗ ಕುಶಾಲನಗರದಲ್ಲಿ ಬೇರೆ ಸಭೆಗೆ ಹೋಗಿ, ಹೊಳೇಲಿ ಮುಳುಗಿ ಇನ್ನೊಂದ್ಸಲ ದೀಕ್ಷಾಸ್ನಾನ ತಗೊಂಡ, ಕಲ್ಟ್, ಅಂದ್ರೆ ನಾಯಕನೊಬ್ಬ ಜನರನ್ನ ಮುಷ್ಟಿಯಲ್ಲಿ ಇಟ್ಕೊಳ್ಳೋ ಗುಂಪು, ಅದನ್ನ ಸೇರಿ ಕೈತಪ್ಪಿ ಹೋದ ಅಂತ ನೀನು ಅಳ್ತಿದ್ದೆ. ನಿನ್ನ ಸಂಕಟ ನಂಗೆ ಅರ್ಥ ಆಗತ್ತೆ. ಅವನು ಮೂರು ತಿಂಗಳ ಕೂಸಾಗಿದ್ದಾಗ ನಮ್ಮ ಸಭೆಯ ಪಾದ್ರಿ ಅಯ್ಯನವರು ದೀಕ್ಷಾಸ್ನಾನಕ್ಕೆ ತಲೆಗೆ ನೀರು ಹಾಕಿದ್ರಲ್ಲ, ಆಗ ಎತ್ಕೊಂಡು ನಿಂತಿದ್ದವನು ನಾನು. ಆ ಬಿಳಿ ಅಂಗಿ ಇನ್ನೂ ನಿನ್ನ ಟ್ರಂಕಲ್ಲಿ ಉಂಟು. ಅದೆಲ್ಲ ಲೆಕ್ಕಕ್ಕೇ ಇಲ್ಲ ಅಂತ ಅವನು ಹೇಳಿದ ಹಾಗಾಯ್ತು ನಿಂಗೆ. ಆ ಒಂದು ವಿಷಯದಲ್ಲಿ ಅವನು ತಪ್ಪು ಅಂತಲೇ ನಾನೂ ಹೇಳೋದು. ಆದ್ರೆ ಕಲ್ಟ್ ಅನ್ನೋ ಮಾತು ಮಾತ್ರ ವಾಪಸ್ ತಗೋ.

ಅದು ಒಂದು ಪಂಗಡ, ಅಷ್ಟೇ. ಅದೇ ಬೈಬಲ್, ಅದೇ ತಂದೆ ಮಗ ಪವಿತ್ರಾತ್ಮ, ಅದೇ ಶಿಲುಬೆ. ಸ್ನಾನ ಬೇರೆ, ಆರಾಧನೆ ಮಾಡೋ ರೀತಿ ಬೇರೆ. ಇಂಥವರನ್ನೆಲ್ಲ ಕಲ್ಟ್ ಅಂದ್ರೆ ಅದು ನಮ್ಮ ಬುಡಕ್ಕೇ ಬರತ್ತೆ. 1850ರ ದಶಕದಲ್ಲಿ ಕೊಡಗಿಗೆ ಬಂದು ಅಮ್ಮತ್ತಿ ಹತ್ರ ಆನಂದಪುರ ಅನ್ನೋ ಕ್ರೈಸ್ತರ ಊರು ಕಟ್ಟಿದ ಮಿಷನರಿ ಮೋಗ್ಲಿಂಗ್ ಯಾವ ಜನ? ಜರ್ಮನಿಯ ವುರ್ಟೆಂಬರ್ಗಿನ ಪೈಟಿಸ್ಟರ, ಅಂದ್ರೆ ಸ್ವಂತ ಭಕ್ತಿಗೆ ಒತ್ತು ಕೊಡೋ ಪ್ರಾಟೆಸ್ಟೆಂಟರ ಕಡೆಯವರು. ಮನೆಮನೇಲಿ ಕೂಡಿ ಬೈಬಲ್ ಓದ್ತಾರೆ ಅಂತ ಒಂದು ಕಾಲದಲ್ಲಿ ಅಲ್ಲಿನ ಸರ್ಕಾರಿ ಚರ್ಚು ಅವರನ್ನ ಅನುಮಾನದಿಂದ ನೋಡ್ತಿತ್ತು, ಆ ಕೂಟಗಳು ಹೇಗೆ ನಡೀಬೇಕು ಅಂತ 1743ರಲ್ಲಿ ಕಟ್ಟಳೆಯನ್ನೇ ಹೊರಡಿಸಿದ್ರು. ಪೌಲನ ಮೇಲೂ ಇದೇ ದೂರಲ್ವಾ? ಬೈಬಲಿನ ಅಪೊಸ್ತಲರ ಕೃತ್ಯ 24ರಲ್ಲಿ ವಕೀಲ ತೆರ್ತುಲ್ಲ, ಇವನು ನಜರೇನವರ ಪಂಥದ ಮುಖಂಡ ಅಂತ ಅಧಿಪತಿಯ ಮುಂದೆ ಹೇಳ್ತಾನೆ.

ಇನ್ನು ಕಲ್ಟ್ ಅಂದ್ರೆ ಏನು ಅಂತ ನಮ್ಮ ಮನೇವ್ರಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ನಮ್ಮ ಅಣ್ಣ ಹಿಂದೆ ಅಂಥ ಒಂದು ಗುಂಪಲ್ಲಿ ಸಿಕ್ಕಿಕೊಂಡಿದ್ದ. ಅವನೂ ನಮ್ಮ ಈ ಮನೆ ಗ್ರೂಪಲ್ಲೇ ಇದ್ದಾನೆ, ಅವನನ್ನ ಕೇಳಿಯೇ ಹೇಳ್ತಿದ್ದೀನಿ. ಅಪ್ಪನಿಗೆ ಮಣ್ಣು ಕೊಟ್ಟ ದಿನ ನೆನಪು ಮಾಡ್ಕೋ. ಜೂನ್ ಮಳೆ, ಪೆಟ್ಟಿಗೆ ಇಳಿಸ್ತಿದ್ದೀವಿ, ಅಣ್ಣ ಸಮಾಧಿ ಗೇಟಿನ ಆಚೆ ಕೊಡೆ ಹಿಡ್ಕೊಂಡು ನಿಂತಿದ್ದಾನೆ. ಒಳಗೆ ಬರ್ತಿಲ್ಲ. ನಾನು ಹೋಗಿ ಕೈ ಹಿಡಿದು ಎಳೆದೆ. "ಕೇಳಿದೆ ಕಣೋ, ಬೇಡ ಅಂದ್ರು" ಅಂದ. ಹೆತ್ತಪ್ಪನಿಗೆ ಒಂದು ಹಿಡಿ ಮಣ್ಣು ಹಾಕೋಕೆ ಅವನಿಗೆ ಯಾರದೋ ಅಪ್ಪಣೆ ಬೇಕಿತ್ತು. ಆ ಗುಂಪಿನ ನಾಯಕ ಯಾವಾಗ್ಲೂ ಹೇಳ್ತಿದ್ದ ವಚನ ಲೂಕ 14:26, ತಂದೆ ತಾಯಿಯನ್ನ ಹಗೆ ಮಾಡದವನು ಶಿಷ್ಯನಾಗಲಾರ ಅನ್ನೋದು. ಮಾರ್ಕ 7 ಮಾತ್ರ ಒಂದು ದಿನವೂ ಓದಿಸಲಿಲ್ಲ. ಅಲ್ಲಿ ಅದೇ ಯೇಸುಸ್ವಾಮಿ, "ಎಲ್ಲ ಕೊರ್ಬಾನ್, ದೇವರಿಗೆ ಕೊಟ್ಟಾಯ್ತು" ಅಂತ ಹೇಳಿ ಅಪ್ಪ ಅಮ್ಮನನ್ನ ಕೈಬಿಡೋರನ್ನ ಕಪಟಿಗಳು ಅಂತಾನೆ. ಆರು ವರ್ಷ ಆದ್ಮೇಲೆ ಅಣ್ಣ ಆ ಅಧ್ಯಾಯವನ್ನ ತಾನಾಗಿಯೇ ಓದಿ, ಇದು ಹೇಗೆ ಅಂತ ಕೇಳಿದ. ಕೇಳಿದ ಅನ್ನೋ ತಪ್ಪಿಗೇ ಹೊರಗೆ ಹಾಕಿದ್ರು. ದೇವರು ದೊಡ್ಡವನು.

ಬೋಧನೆ ನೋಡಬೇಕಾ ಅಂದ್ರೆ, ನೋಡ್ಲೇಬೇಕು. ದೇವರ ಮಗ ಯೇಸುವೂ ಸೃಷ್ಟಿಯಾದವನೇ ಅಂತ ಅರಿಯಸ್ ಅನ್ನೋ ಪಾದ್ರಿ ಹೇಳಿದಾಗ, 325ರಲ್ಲಿ ನಿಕೇಯ ಪಟ್ಟಣದಲ್ಲಿ ಕೂಡಿದ ಬಿಷಪ್‌ಗಳು ಇದೇನು ಸಣ್ಣ ಭೇದ ಬಿಡು ಅನ್ನಲಿಲ್ಲ. ನಮ್ಮ ನಿಕೇಯ ವಿಶ್ವಾಸಪ್ರಮಾಣದ ಮೂಲ ಅಲ್ಲೇ. ಆದ್ರೆ ಬೋರ್ಡು ನೋಡಿ ನಂಬೋಕಾಗಲ್ಲ. ಜಿಮ್ ಜೋನ್ಸ್ ಅಮೆರಿಕದ ಹೆಸರಿದ್ದ ಪ್ರಾಟೆಸ್ಟೆಂಟ್ ಸಭೆಯಲ್ಲೇ ದೀಕ್ಷೆ ಪಡೆದ ಪಾದ್ರಿ. 1978ರ ನವೆಂಬರ್ 18ರಂದು ಗಯಾನಾದ ಕಾಡಲ್ಲಿ ಅವನ ಮಾತಿಗೆ 900ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಸುಮಾರು 300 ಮಕ್ಕಳು, ವಿಷ ಕುಡಿಸಿದ್ದು. ಕ್ರಿಸ್ತನ ಜಾಗದಲ್ಲಿ ಇವನು ಬಂದು ಕೂತಿದ್ದ, ಎದ್ದು ಹೋಗೋಕೆ ಯಾರಿಗೂ ದಾರಿ ಇರಲಿಲ್ಲ.

ಈಗ ನಿನ್ನ ಮಗನನ್ನ ನೋಡು. ಹೋದ ತಿಂಗಳು ಅಮ್ಮನ ಮೊಣಕಾಲು ಆಪರೇಷನ್ ಆದಾಗ ಎರಡು ರಾತ್ರಿ ಆಸ್ಪತ್ರೆ ಬೆಂಚಲ್ಲಿ ಮಲಗಿದ್ದು ಯಾರು? ಅವನ ಪಾಸ್ಟರೂ ಕಿತ್ತಳೆ ತಂದು, ಪ್ರಾರ್ಥನೆ ಮಾಡಿ, ಅಮ್ಮನ ಹತ್ರ ನಮ್ಮ ಅಯ್ಯನವರನ್ನ ವಿಚಾರಿಸಿ ಹೋದ್ರು.

ಆದ್ರೂ ಈ ಭಾನುವಾರ ನಾನೇ ಹೋಗಿ ಅವರ ಆರಾಧನೆಯಲ್ಲಿ ಕೂತು ಬರ್ತೀನಿ. ಕಾಣಿಕೆ ಲೆಕ್ಕ ಯಾರು ನೋಡ್ತಾರೆ, ಪಾಸ್ಟರ್ ತಪ್ಪಿದ್ರೆ ಕೇಳೋರು ಯಾರು, ಬಿಟ್ಟು ಹೋದವರ ಜೊತೆ ಮಾತಾಡ್ತಾರಾ, ಇಷ್ಟನ್ನ ಎದುರಿಗೇ ಕೇಳ್ತೀನಿ. ಉತ್ತರ ಏನೇ ಬರಲಿ ಇಲ್ಲೇ ಹೇಳ್ತೀನಿ, ಮುಚ್ಚಿಡಲ್ಲ. ನೀನು ಇವತ್ತು ಸಂಜೆ ಅವನಿಗೊಂದು ಫೋನ್ ಮಾಡಕ್ಕ. ಸ್ನಾನದ ಮಾತು ಎತ್ತಬೇಡ, ಊಟ ಆಯ್ತಾ ಅಂತ ಕೇಳು.