ಐಎನ್‌ಜಿ ಹಾಕಿದರೆ ಗೆಲುವು ಗ್ಯಾರಂಟಿಯಂತೆ!

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಶನಿವಾರ ಬೆಳಿಗ್ಗೆ ಚಿಕ್ಕಮ್ಮ ಒಂದು ಫಾರ್ವರ್ಡ್ ಹಾಕಿದರು. ಮೇಲೆ ಜೋಡಿ ಬಾಣದ ಗುರುತು, ಅಂದರೆ ಊರೆಲ್ಲ ಸುತ್ತಿ ಬಂದದ್ದು. "ಸ್ಕ್ರ್ಯಾಬಲ್, ವರ್ಡಲ್ ಆಡುವವರೇ ಗಮನಿಸಿ! ಇಂಗ್ಲಿಷಿನ ಮುಕ್ಕಾಲು ಪದಗಳು ಐಎನ್‌ಜಿ, ಇಡಿ, ಇಆರ್, ಎಸ್‌ನಲ್ಲೇ ಮುಗಿಯುತ್ತವೆ. ಮೊದಲು ಬಾಲ ಹಿಡಿಯಿರಿ, ಆಮೇಲೆ ತಲೆ ಹುಡುಕಿ. ವಿಜ್ಞಾನಿಗಳೇ ಒಪ್ಪಿದ ಗುಟ್ಟು. ಮರೆವು ಹತ್ತಿರ ಸುಳಿಯುವುದಿಲ್ಲ. ಹತ್ತು ಜನಕ್ಕೆ ಕಳಿಸಿ." (ಗೊತ್ತಿಲ್ಲದವರಿಗೆ: ಸ್ಕ್ರ್ಯಾಬಲ್ ಅಂದರೆ ಅಕ್ಷರದ ಬಿಲ್ಲೆಗಳನ್ನು ಹಲಗೆ ಮೇಲೆ ಜೋಡಿಸಿ ಪದ ಕಟ್ಟುವ ಆಟ. ವರ್ಡಲ್ ಅಂದರೆ ಐದಕ್ಷರದ ಗುಪ್ತ ಇಂಗ್ಲಿಷ್ ಪದವನ್ನು ಆರು ಅವಕಾಶದಲ್ಲಿ ಊಹಿಸುವ ಆಟ, ಸರಿಯಾದ ಜಾಗದಲ್ಲಿ ಕೂತ ಅಕ್ಷರ ಹಸಿರಾಗುತ್ತದೆ.) ಫಾರ್ವರ್ಡಿನ ಕೆಳಗೆ ಚಿಕ್ಕಮ್ಮನದೇ ಸಾಲು: "ನಾನು ಮೊದಲಿಂದ ಹೇಳ್ತಿರಲಿಲ್ವಾ?"

ಅವರು ಮೊದಲಿಂದ ಏನು ಹೇಳುತ್ತಿದ್ದರು ಅಂತ ಯಾರೂ ಕೇಳಲಿಲ್ಲ. ಭಾವ ಮಾತ್ರ ಕೇಳಿದರು. "ಯಾವ ವಿಜ್ಞಾನಿ? ಹೆಸರು? ಲಿಂಕ್?" ಅವರು ಅರಿಶಿನ ಹಾಲಿಗೂ ಲಿಂಕ್ ಕೇಳುವ ಮನುಷ್ಯ.

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಬಂದರೆ ಪ್ಯಾರಾ ಬರೆಯದೆ ಹೋಗುವವರಲ್ಲ. "ಕೊನೆ ಅಕ್ಷರ ಹಿಡಿದು ಆಡುವುದು ಅಡ್ಡದಾರಿ. ಶಬ್ದ ಸಂಪತ್ತು ಬೆಳೆಯಬೇಕಾದರೆ ಓದಬೇಕು. ಕಿಟೆಲ್ ಸಾಹೇಬರು 1894ರಲ್ಲಿ ಮಂಗಳೂರಿನಿಂದ ಅಷ್ಟು ದೊಡ್ಡ ನಿಘಂಟು ತಂದರಲ್ಲ, ಅವರೇನು ಬಾಲ ಹಿಡಿದುಕೊಂಡು ಕೂತಿದ್ದರೇ? ಈಗಿನವರಿಗೆ ಎಲ್ಲದಕ್ಕೂ ಶಾರ್ಟ್‌ಕಟ್ ಬೇಕು." ನಾಲ್ಕು ಜನ ಹೆಬ್ಬೆರಳು ಒತ್ತಿದರು. ಅದರಲ್ಲಿ ಇಬ್ಬರು ಪೂರ್ತಿ ಓದಿಲ್ಲ ಅಂತ ನಾನು ಬರೆದುಕೊಡಬಲ್ಲೆ.

ಚಿಕ್ಕಮ್ಮನಿಗೆ ದೊಡ್ಡಪ್ಪನ ಮೇಲೆ ಸಿಟ್ಟು ಬರಲಿಲ್ಲ, ಭಾವನ ಮೇಲೆ ಬಂತು. "ಲಿಂಕ್ ಕೇಳ್ತೀರಲ್ಲ, ದಸರಾದಲ್ಲಿ 50 ಅಂಕ ಹಾಕಿಕೊಂಡಿರಲ್ಲ, ಅದಕ್ಕೆ ಲಿಂಕ್ ಎಲ್ಲಿದೆ?"

ಈ ಕಥೆ ಗೊತ್ತಿಲ್ಲದವರಿಗೆ: ದಸರಾ ರಜೆಯಲ್ಲಿ ಸ್ಕ್ರ್ಯಾಬಲ್ ಆಡುವಾಗ ಹಲಗೆಯ ಮೇಲೆ 'ಪ್ಲೇ' ಅನ್ನುವ ಪದ ಮೊದಲೇ ಇತ್ತು. ಭಾವ ಅದಕ್ಕೆ ಐಎನ್‌ಜಿ ಅಂಟಿಸಿ 'ಪ್ಲೇಯಿಂಗ್' ಮಾಡಿದರು. ಏಳು ಅಕ್ಷರದ ಪದ ಅಂತ 50 ಬೋನಸ್ ಸೇರಿಸಿ 63 ಬರೆದುಕೊಂಡರು. ಬೋನಸ್ ಸಿಗುವುದು ನಮ್ಮ ಕೈಯಲ್ಲಿರುವ ಏಳೂ ಬಿಲ್ಲೆ ಒಂದೇ ಸಲ ಇಳಿಸಿದರೆ ಮಾತ್ರ. ಅವರು ಇಳಿಸಿದ್ದು ಮೂರು. ಬರಬೇಕಾದದ್ದು 13. ಲೆಕ್ಕದ ಪುಸ್ತಕ ಅವರ ಹತ್ತಿರವೇ ಇತ್ತು, ಹಾಗಾಗಿ ಆ ವಿಷಯ ಇನ್ನೂ ಮುಗಿದಿಲ್ಲ.

ನ್ಯೂಜೆರ್ಸಿಯಿಂದ ಭಾವನ ಮಗಳು ಪುಟ್ಟಿ ಬಂದಳು. ಅಲ್ಲಿ ಆಗ ರಾತ್ರಿ ಹನ್ನೆರಡು, ಆದರೂ ಈ ಹುಡುಗಿ ನಿದ್ದೆ ಮಾಡುವುದಿಲ್ಲ. "ಅಪ್ಪ, ಬೋನಸ್ ವಿಷಯದಲ್ಲಿ ಚಿಕ್ಕಜ್ಜಿನೇ ಸರಿ. ತಾತ, ಸ್ಕ್ರ್ಯಾಬಲ್‌ಗೆ ಶಬ್ದ ಗೊತ್ತಿದ್ದರೆ ಸಾಕು, ಅರ್ಥ ಬೇಕಾಗಿಲ್ಲ. ನೈಜಲ್ ರಿಚರ್ಡ್ಸ್ ಅಂತ ನ್ಯೂಜಿಲೆಂಡಿನವರು ಫ್ರೆಂಚ್ ಮಾತಾಡೋಕೆ ಬರದೆ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದರು. ಪದಪಟ್ಟಿ ಬಾಯಿಪಾಠ, ಅಷ್ಟೇ."

"ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡುವುದು ಗಿಳಿಪಾಠ," ಅಂದರು ದೊಡ್ಡಪ್ಪ.

ಚಿಕ್ಕಮ್ಮ ದೊಡ್ಡಪ್ಪನಿಗೆ: "ಭಾವನವರೇ, ತಪ್ಪು ತಿಳೀಬೇಡಿ. ನೀವು ದಿನಾ ಪೂಜೆಗೆ ಹೇಳೋ ಮಂತ್ರಕ್ಕೆಲ್ಲ ಅರ್ಥ ಗೊತ್ತಾ?"

ದೊಡ್ಡಪ್ಪ ಕೈ ಮುಗಿದ ಚಿತ್ರ ಕಳಿಸಿದರು. ನಮ್ಮ ಮನೆಯಲ್ಲಿ ಅದು ನಮಸ್ಕಾರ ಅಲ್ಲ.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಸಾಗರದ ಅತ್ತೆ ಮಗ, ಪಾಪ, ವಾತಾವರಣ ತಿಳಿ ಮಾಡಲು ಹೊರಟ. "ಕರೆಂಟ್ ಹೋದಾಗ ಜಗಲಿ ಮೇಲೆ ಅಂತ್ಯಾಕ್ಷರಿ ಆಡ್ತಿದ್ವಲ್ಲ, ನೆನಪಿದೆಯಾ? ಅಜ್ಜಿ ಯಾವ ಹಾಡು ಹೇಳಿದರೂ ಬೇಕಂತಲೇ ಳಕಾರಕ್ಕೋ ಣಕಾರಕ್ಕೋ ತಂದು ನಿಲ್ಲಿಸೋರು. ಅದರಿಂದ ಶುರುವಾಗೋ ಹಾಡು ಎಲ್ಲಿಂದ ತರೋದು? ಕೊನೆಗೆ ಅತ್ತು ಅತ್ತು ಳ ಬಂದರೆ ಲ, ಣ ಬಂದರೆ ನ ಅಂತ ರೂಲ್ ಮಾಡಿಸಿಕೊಂಡ್ವಿ. ಹಲಸಿನ ಹಪ್ಪಳ ಬೇರೆ." ಅಷ್ಟೊತ್ತಿನ ಮಾತಿನಲ್ಲಿ ವಿಷಯಕ್ಕೆ ತೀರಾ ಹತ್ತಿರವಿದ್ದದ್ದು ಇದೇ. ಕೊನೆ ಅಕ್ಷರದ ಮೇಲೆ ಹಿಡಿತ ಇದ್ದರೆ ಆಟ ಹೇಗೆ ಗೆಲ್ಲಬಹುದು ಅಂತ ಅಜ್ಜಿಗೆ ಯಾವ ಫಾರ್ವರ್ಡೂ ಬೇಕಿರಲಿಲ್ಲ. ಆದರೆ ಎಲ್ಲರೂ ಹಪ್ಪಳ ಹಿಡಿದುಕೊಂಡರು. ಈ ವರ್ಷ ಯಾರ ಮನೆಗೆ ಕಳಿಸಿದ್ದಾರೆ, ಯಾರಿಗೆ ಕಳಿಸಿಲ್ಲ ಅನ್ನುವುದಕ್ಕೆ ಹೋಯಿತು ಮಾತು.

ನಾನು ಸುಮ್ನೆ ಇರಬಹುದಿತ್ತು. ಇರಲಿಲ್ಲ. ಫಾರ್ವರ್ಡು ಎರಡು ಬೇರೆ ಆಟಗಳನ್ನು ಒಂದೇ ಗಂಟು ಕಟ್ಟಿದೆ, ಅಲ್ಲೇ ಎಡವಟ್ಟು ಅಂತ ಬರೆದೆ. ಸ್ಕ್ರ್ಯಾಬಲ್‌ನಲ್ಲಿ ಬಾಲ ಹಿಡಿಯುವುದು ಒಳ್ಳೆಯದೇ, ಆದರೆ ಬಿಲ್ಲೆ ಎಷ್ಟಿವೆ ಅಂತ ನೋಡಬೇಕು. ಒಟ್ಟು 100ರಲ್ಲಿ ಇ 12, ಆರ್ 6, ಡಿ 4, ಜಿ ಮೂರೇ ಮೂರು. ಐ, ಎನ್ ಇಟ್ಟುಕೊಂಡು ಜಿ ಬರಲಿ ಅಂತ ಕಾಯುವುದಕ್ಕಿಂತ ಇಆರ್‌ಗೆ ಕಾಯುವುದು ಜಾಣತನ. ಎಸ್ ಇರುವುದು 4, ಜೊತೆಗೆ ಯಾವ ಅಕ್ಷರದ ಬದಲಿಗೂ ಹಾಕಬಹುದಾದ ಎರಡು ಖಾಲಿ ಬಿಲ್ಲೆ. ಎಸ್ ಸಿಕ್ಕ ಕೂಡಲೇ ಚಿಲ್ಲರೆ ಪದಕ್ಕೆ ಖರ್ಚು ಮಾಡಬಾರದು. ಬೇರೆಯವರ ದೊಡ್ಡ ಪದದ ಕೊನೆಗೆ ತಗಲಿಸಿ, ಅದರ ಮೇಲೆ ನಮ್ಮದೊಂದು ಪದ ಅಡ್ಡ ಕೂರಿಸಿದರೆ ಎರಡೂ ಪದದ ಅಂಕ ನಮಗೆ.

ಇದಕ್ಕೆ ಬಂದ ಉತ್ತರ: ಮಾವನಿಂದ ಶುಭೋದಯ, ಗುಲಾಬಿ ಹೂವಿನ ಜೊತೆ.

ಪುಟ್ಟಿ ಮುಂದುವರಿಸಿದಳು. "ವರ್ಡಲ್‌ಗೆ ಈ ಟಿಪ್ ಉಲ್ಟಾ. ನಾಲ್ಕಕ್ಷರದ ಪದಕ್ಕೆ ಎಸ್ ಹಚ್ಚಿದ ಬಹುವಚನ ಅಲ್ಲಿ ಉತ್ತರವಾಗಿ ಬರೋದು ತೀರಾ ಅಪರೂಪ, ಇಡಿ ಬಾಲದ್ದೂ ಹಾಗೇ. ಕೊನೆಗೆ ಇ ಅಥವಾ ವೈ ಇರೋದೇ ಜಾಸ್ತಿ. ಬಾಲ ಸಿಕ್ಕಿತು ಅಂತ ಖುಷಿಪಟ್ಟರೆ ಇನ್ನೂ ಕಷ್ಟ. ಕೊನೆಯ ನಾಲ್ಕು ಅಕ್ಷರ ಐ-ಜಿ-ಎಚ್-ಟಿ ಹಸಿರಾದರೂ ಲೈಟ್, ನೈಟ್, ಮೈಟ್, ಫೈಟ್, ರೈಟ್, ಟೈಟ್, ಸೈಟ್, ಏಟ್, ಎಂಟು ಪದ ಇವೆ. ಅವಕಾಶ ಆರೇ. ಒಂದೊಂದೇ ಹಾಕ್ತಾ ಹೋದರೆ ಸೋಲ್ತೀರಿ. ಹಾರ್ಡ್ ಮೋಡ್ (ಸಿಕ್ಕ ಸುಳಿವನ್ನು ಮುಂದೆಲ್ಲ ಬಳಸಲೇಬೇಕು ಅನ್ನೋ ಆಯ್ಕೆ) ಇಲ್ಲದಿದ್ದರೆ 'ಫಿಲ್ಮ್ಸ್' ಹಾಕಿ, ಎಫ್, ಎಲ್, ಎಂ, ಎಸ್ ನಾಲ್ಕೂ ಒಂದೇ ಏಟಿಗೆ ತಿಳಿಯುತ್ತೆ."

ಎಷ್ಟು ಚೆನ್ನಾಗಿ ಹೇಳಿದಳು ಹುಡುಗಿ! ಆದರೆ ಮಾವ ಮಧ್ಯದ ಒಂದು ಪದ ಮಾತ್ರ ಓದಿದ್ದರು.

"ಸೈಟ್ ವಿಷಯ ಗುಂಪಿನಲ್ಲಿ ಎತ್ತಬಾರದು ಅಂತ ಹೋದ ವರ್ಷವೇ ಮಾತಾಗಿತ್ತು. ಈಗ ಮಕ್ಕಳ ಕೈಲಿ ಹೇಳಿಸೋದು ಸರಿಯಲ್ಲ."

ಭಾವ: "ಯಾರು ಹೇಳಿಸಿದ್ದು? ಅದು ಆಟದ ಪದ!"

ಮಾವ: "ಮೈಸೂರಿನ ಸೈಟ್ ನಿಮಗೆ ಆಟ ಇರಬಹುದು."

ಆಮೇಲೆ ಅಳತೆ, ಖಾತೆ, ಕಂದಾಯ ಕಟ್ಟಿದವರು ಯಾರು, ಬೇಲಿ ಹಾಕಿಸಿದವರು ಯಾರು, ಎಲ್ಲ ಬಂತು. ದೊಡ್ಡಪ್ಪ ಮತ್ತೆ ಕೈ ಮುಗಿದರು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಗುಂಪು ಬಿಟ್ಟಿದ್ದರು, ಒಬ್ಬರನ್ನು ಅಕ್ಕ ಮತ್ತೆ ಸೇರಿಸಿದಳು.

ಸಂಜೆ ಚಿಕ್ಕಮ್ಮ ನನಗೆ ಬೇರೆಯಾಗಿ ಮೆಸೇಜ್ ಮಾಡಿದರು. "ಎಸ್ ಎಷ್ಟು ಅಂದೆ? ಗಣಪತಿ ಹಬ್ಬಕ್ಕೆ ಎಲ್ಲ ಸೇರ್ತೀವಲ್ಲ."

"4. ಲೆಕ್ಕದ ಪುಸ್ತಕ ಈ ಸಲ ನೀವೇ ಇಟ್ಟುಕೊಳ್ಳಿ," ಅಂತ ಬರೆದೆ.